ವರದಿ ಬೇಡ ಎಂದ ಗುಂಡಿಯಮ್ಮ

ದಾನ ಕೊಡಲು ಬಂದವರ ಮುಂದೆ ಯಾವ ಮುಖ ಹೊತ್ತು ನಿಲ್ಲಬೇಕು ಅನ್ನುವ ವಿದ್ಯೆಯಲ್ಲಿ ಸಿಸ್ಟರಕ್ಕ ಎತ್ತಿದ ಕೈ. ತೀರಾ ನಗಬಾರದು, ನಕ್ಕರೆ ಇವರಿಗೇನು ಕಷ್ಟ ಬಂದಿದೆ ಅಂದುಕೊಳ್ಳುತ್ತಾರೆ. ತೀರಾ ಅಳುವುದೂ ತಪ್ಪು. ಅತ್ತರೆ ಇಂಥವರ ಕೈಲಿ ಏನಾಗುತ್ತೆ ಅಂತ ಎದ್ದು ಹೋಗುತ್ತಾರೆ. ಕಣ್ಣಂಚಿನಲ್ಲಿ ಚೂರು ನೀರು, ತುಟಿಯಂಚಿನಲ್ಲಿ ಚೂರು ನಗು ಇಟ್ಟುಕೊಂಡು ಬಾಗಿಲ ಬಳಿ ನಿಂತುಬಿಟ್ಟರೆ ಬಂದವರು ಏನಾದರೂ ಕೊಡದೆ ಹೋದದ್ದೇ ಇಲ್ಲ.

ಅವಳು ನರ್ಸು. ದೊಡ್ಡಾಸ್ಪತ್ರೆಯ ಕೆಲಸ ಬಿಟ್ಟು, ಗುಡ್ಡದ ಬುಡದ ಬಡಾವಣೆಯಲ್ಲಿ, ಬೇಕರಿಯ ಪಕ್ಕದ ಎರಡು ಕೋಣೆಗಳಲ್ಲಿ ಒಂದು ಪುಟ್ಟ ಕ್ಲಿನಿಕ್ ನಡೆಸುತ್ತಿದ್ದಳು. ಡಾಕ್ಟರು ವಾರಕ್ಕೆರಡು ಸಲ ಬಂದು ಹೋಗುತ್ತಿದ್ದರು, ಮಿಕ್ಕಂತೆ ಗಾಯ ಕಟ್ಟುವುದರಿಂದ ಹಿಡಿದು ಗಂಡ ಹೆಂಡಿರ ಜಗಳ ಬಿಡಿಸುವವರೆಗೆ ಎಲ್ಲಾ ಅವಳದೇ. ಜನ ಮೊದಮೊದಲು ಸಿಸ್ಟರ್ ಅನ್ನುತ್ತಿದ್ದರು. ಅಷ್ಟು ಸಾಲದೆನ್ನಿಸಿ ಹಿಂದೊಂದು ಅಕ್ಕ ಸೇರಿಸಿದರು. ಅವಳ ಗಂಡ ಸಿಟಿ ಬಸ್ಸಿನ ಡ್ರೈವರು. "ನನ್ನ ಹೆಂಡ್ತಿ ಎರಡು ಸಲ ಅಕ್ಕ, ಹಂಗಾಗಿ ನಾನು ಊರಿಗೆಲ್ಲಾ ಡಬಲ್ ಭಾವ" ಅಂತ ಹೇಳಿಕೊಂಡು ತಿರುಗುತ್ತಿದ್ದ. ಡಬಲ್ ಭಾವ ಅನ್ನುವುದೇ ಅವನಿಗೆ ಹೆಸರಾಗಿ ನಿಂತಿತ್ತು.

ದಾನಿಗಳ ಕಾಟ ಒಂದೆರಡಲ್ಲ. ಒಂದು ಕಂಪನಿಯವರು ಮಕ್ಕಳ ತೂಕದ ಯಂತ್ರ ಕೊಟ್ಟಿದ್ದರು. ಅದರ ಮೇಲೆ ತಮ್ಮ ಹೆಸರನ್ನು ಎಷ್ಟು ದಪ್ಪಕ್ಕೆ ಬರೆಸಿದ್ದರೆಂದರೆ ಮುಳ್ಳು ಎಲ್ಲಿದೆ ಅಂತ ಹುಡುಕಬೇಕು. ಇನ್ನೊಬ್ಬರು ಗಾಲಿ ಕುರ್ಚಿ ಕೊಟ್ಟು, ವರ್ಷಕ್ಕೊಮ್ಮೆ ಫೋಟೊ ತೆಗೆಯಲು ಬರುತ್ತಿದ್ದರು. ಆವತ್ತು ಚೆನ್ನಾಗಿ ಓಡಾಡುವವರನ್ನೂ ಹಿಡಿದು ಕೂರಿಸಬೇಕಾಗಿತ್ತು. ಮತ್ತೊಂದು ಸಂಸ್ಥೆ "ನಿಮ್ಮ ಸೇವೆಯಿಂದ ಎಷ್ಟು ಜನರ ಮನೋಭಾವ ಬದಲಾಗಿದೆ?" ಅಂತ ಕೇಳಿತು. ಸಿಸ್ಟರಕ್ಕ ಬಾಯಿಗೆ ಬಂದ ಸಂಖ್ಯೆ ಬರೆದು ಕಳಿಸಿದಳು. ಅವರು ಪುರಾವೆ ಕೇಳಿದರು. ಮನೋಭಾವಕ್ಕೆ ಪುರಾವೆ ಎಲ್ಲಿಂದ ತರೋದು, ಎಕ್ಸ್‌ರೇ ತೆಗೆಸಲಾ ಅಂತ ಅವಳು ತಲೆ ತಲೆ ಚಚ್ಚಿಕೊಂಡಳು. ಆ ತಿಂಗಳು ಅವಳು ರೋಗಿಗಳ ಮುಖ ನೋಡಿದ್ದಕ್ಕಿಂತ ಕಂಪ್ಯೂಟರಿನ ಮುಖ ನೋಡಿದ್ದೇ ಹೆಚ್ಚು.

ಹೀಗಿರುವಾಗ ಒಂದು ದಿನ ಫೋನ್ ಬಂತು. ಶರಟಿನ ಗುಂಡಿ ತಯಾರಿಸುವ ಕಾರ್ಖಾನೆಯ ಯಜಮಾನಿ. ಗುಂಡಿ ಮಾರಿ ಮಾರಿಯೇ ದೊಡ್ಡ ಸಿರಿವಂತಳಾದವಳು. ನಾಳೆ ಕ್ಲಿನಿಕ್ ನೋಡಲು ಬರಬಹುದಾ ಅಂತ ಕೇಳಿದಳು.

"ಗುಂಡಿಯಮ್ಮ ಬರ್ತಾಳಂತೆ ಅಂದ್ರೆ ಹುಷಾರಾಗಿರು," ಅಂದ ಡಬಲ್ ಭಾವ. "ಗುಂಡಿ ಹತ್ರ ಹೋಗೋಕೆ ಗುಂಡಿಗೆ ಗಟ್ಟಿ ಇರ್ಬೇಕು."

"ರೀ, ಸುಮ್ನೆ ಆ ಬೆಂಚು ಒರೆಸಿ."

ನೆಲ ಎರಡು ಸಲ ಒರೆಸಿದ್ದಾಯಿತು. ಬೇಕರಿಯವನ ತಾಯಿ ಕೆಮ್ಮಜ್ಜಿಯನ್ನು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದಾಯಿತು. ಆಕೆಯ ಕೆಮ್ಮು ಎಂಥದೆಂದರೆ, ಅದನ್ನು ಕೇಳಿದ ದಾನಿಗಳ ಕೈ ತಂತಾನೇ ಜೇಬಿಗೆ ಹೋಗುತ್ತಿತ್ತು. ಆ ಕೆಮ್ಮು ವಾಸಿಯಾಗಿ ಎಷ್ಟೋ ಕಾಲವಾಗಿತ್ತು. ಆದರೂ ಸಿಸ್ಟರಕ್ಕ ಕೇಳಿದರೆ ಅಜ್ಜಿ ಇಲ್ಲ ಅನ್ನುತ್ತಿರಲಿಲ್ಲ. ಸಿಸ್ಟರಕ್ಕ ತನ್ನ ಮುಖ ಸರಿಮಾಡಿಕೊಂಡು ಬಾಗಿಲಲ್ಲಿ ನಿಂತು ಕಾರಿನ ದಾರಿ ಕಾದಳು. ಕಾರು ಬರಲಿಲ್ಲ. ಕಾದೂ ಕಾದೂ ಕಾಲು ನೋವು ಬಂದು ಒಳಗೆ ತಿರುಗಿದರೆ, ಬೆಂಚಿನ ತುದಿಯಲ್ಲಿ ರಬ್ಬರ್ ಚಪ್ಪಲಿಯ ಒಬ್ಬ ಹೆಂಗಸು ಕೂತು ಕೆಮ್ಮಜ್ಜಿಯ ಜೊತೆ ಲೋಕಾಭಿರಾಮ ಹೊಡೆಯುತ್ತಿದ್ದಳು.

"ಹಾಗಾದ್ರೆ ಈಗ ಕೆಮ್ಮು ಇಲ್ವಾ ಅಜ್ಜಿ?" ಅಂತ ಆ ಹೆಂಗಸು ಕೇಳುತ್ತಿದ್ದಳು.

"ಎಲ್ಲಿದೆಯಮ್ಮ! ನಮ್ಮ ಸಿಸ್ಟರಕ್ಕ ಕೊಟ್ಟ ಔಷಧೀಲಿ ಹೇಳದೆ ಕೇಳದೆ ಹೋಯ್ತು. ಇವತ್ತು ಯಾರೋ ದೊಡ್ಡವರು ಬರ್ತಾರಂತೆ, ಅವರು ಬಂದಾಗ ಕೆಮ್ಮಬೇಕು, ಅದಕ್ಕೇ ಕೂತಿದೀನಿ. ನೀನ್ಯಾಕೆ ಬಂದೆ?"

"ಆ ದೊಡ್ಡವಳು ನಾನೇ ಅಜ್ಜಿ. ಬಸ್ಸಲ್ಲಿ ಬಂದೆ."

ಕೆಮ್ಮಜ್ಜಿ ತಡಮಾಡದೆ ಖೊಕ್ ಖೊಕ್ ಅಂತ ಕೆಮ್ಮತೊಡಗಿದಳು. ಸಿಸ್ಟರಕ್ಕನ ಮುಖ ಇಂಗು ತಿಂದ ಮಂಗನಂತಾಯಿತು. ಗುಂಡಿಯಮ್ಮ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕು, "ಹೆಂಗೂ ಬಂದಿದೀನಲ್ಲ, ನನ್ನ ಸರದಿ ಬಂದಾಗ ಸ್ವಲ್ಪ ಪ್ರೆಶರ್ ನೋಡಿಬಿಡಿ" ಅಂದಳು. ನೋಡಿದರೆ ಪ್ರೆಶರ್ ಜಾಸ್ತಿ. ಸಿಸ್ಟರಕ್ಕನಿಗೆ ತಾನು ಯಾರ ಮುಂದೆ ಇದ್ದೇನೆ ಅನ್ನುವುದು ಮರೆತುಹೋಯಿತು. ಉಪ್ಪು ಎಷ್ಟು ತಿಂತೀರಿ, ಮಾತ್ರೆ ಯಾಕೆ ಬಿಟ್ರಿ, ಮನೇಲಿ ಹೇಳೋರು ಕೇಳೋರು ಯಾರೂ ಇಲ್ವಾ ಅಂತ ಹಿಗ್ಗಾಮುಗ್ಗಾ ಬೈದು ಕಳಿಸಿದಳು. ಆಮೇಲೆ ಕುರ್ಚಿಗೆ ಕುಸಿದು, ಬರುವ ದುಡ್ಡಿಗೆ ತಾನೇ ಕಲ್ಲು ಹಾಕಿಕೊಂಡೆ ಅಂತ ಹಲುಬಿದಳು.

ಒಂದು ವಾರ ಕಳೆದು ಫೋನ್ ಬಂತು. ಐದು ವರ್ಷ ಪ್ರತಿ ವರ್ಷವೂ ಕ್ಲಿನಿಕ್ಕಿಗೆ ದುಡ್ಡು ಕಳಿಸುತ್ತೇನೆ ಅಂದಳು ಗುಂಡಿಯಮ್ಮ. ಕ್ಲಿನಿಕ್ಕಿನ ಇಡೀ ವರ್ಷದ ಖರ್ಚು ಕಳೆದು ಇನ್ನೂ ಬೇಕಾದಷ್ಟು ಮಿಗುವ ಮೊತ್ತ. ಸಿಸ್ಟರಕ್ಕ ಪೆನ್ನು ತೆಗೆದುಕೊಂಡಳು.

"ಯಾವ ಕೆಲಸಕ್ಕೆ ಅಂತ ಬರ್ಕೊಳ್ಳಲಿ ಅಮ್ಮಾ?"

"ನನಗೇನು ಗೊತ್ತು? ಅಲ್ಲಿರೋರು ನೀವು."

"ವರದಿ ಯಾವಾಗ ಕಳಿಸಬೇಕು?"

"ಬೇಡ."

"ಫೋಟೊ?"

"ಇಟ್ಟುಕೊಳ್ಳೋಕೆ ಜಾಗ ಇಲ್ಲ."

"ನಿಮ್ಮ ಹೆಸರಿನ ಬೋರ್ಡಾದ್ರೂ…"

"ಗೋಡೆ ಹಾಳಾಗುತ್ತೆ ಸಿಸ್ಟರ್. ನೋಡಿ, ಆಗಾಗ ಫೋನ್ ಮಾಡಿ, ಸಾಕು. ಒಳ್ಳೇ ಸುದ್ದಿ ಇದ್ರೆ ನಿಧಾನಕ್ಕೆ ಮಾಡಿ. ಕೆಟ್ಟ ಸುದ್ದಿ ಇದ್ರೆ ಬೇಗ ಮಾಡಿ."

ಫೋನ್ ಇಟ್ಟ ಮೇಲೂ ಸಿಸ್ಟರಕ್ಕ ಪೆನ್ನು ಹಿಡಿದೇ ಕೂತಿದ್ದಳು. ಬರೆಯಲು ಏನೂ ಇರಲಿಲ್ಲ. ಸಂತೋಷ ಆಗಬೇಕಿತ್ತು, ಆದದ್ದು ಹೆದರಿಕೆ. ಬೇರೆಯವರು ಹೇಳಿದಂತೆ ಮಾಡಿ ಹಾಳಾದರೆ ಬೈಯಲು ಒಬ್ಬರಾದರೂ ಇರುತ್ತಾರೆ. ಇಲ್ಲಿ ಬೈಗುಳ ತಿರುಗಿ ಬರುವುದು ತನ್ನ ಮನೆಗೇ.

ಕ್ಲಿನಿಕ್ಕಿಗೊಂದು ಸಮಿತಿ ಇತ್ತು. ಕ್ಷೌರದಂಗಡಿಯ ಕತ್ರಿ ಮಾವ, ಬೇಕರಿಯವನ ಹೆಂಡತಿ, ರಿಟೈರಾದ ಮೇಷ್ಟ್ರು ಮತ್ತು ಸಿಸ್ಟರಕ್ಕ. ಕತ್ರಿ ಮಾವನ ಅಂಗಡಿಯಲ್ಲಿ, ಗಿರಾಕಿ ಇಲ್ಲದ ಹೊತ್ತಲ್ಲಿ ಸಭೆ ಸೇರಿತು. ಒಬ್ಬೊಬ್ಬರದು ಒಂದೊಂದು ರಾಗ. ಮೇಷ್ಟ್ರಿಗೆ ಪುಸ್ತಕದ ಕಪಾಟು ಬೇಕು. ಬೇಕರಿಯವನ ಹೆಂಡತಿಗೆ ಹಲ್ಲಿನ ಡಾಕ್ಟರು ಬೇಕು, ಯಾಕೆಂದರೆ ಅವಳಿಗೇ ಹಲ್ಲು ನೋವು. ಸಿಸ್ಟರಕ್ಕ ಮಾತ್ರ ಬಹಳ ದಿನದಿಂದ ಮನಸ್ಸಲ್ಲೇ ಮಂಡಿಗೆ ತಿನ್ನುತ್ತಿದ್ದದ್ದು ಒಂದು ವ್ಯಾನು. ಬಿಳಿ ಬಣ್ಣ, ಒಳಗೆ ಮಂಚ, ಔಷಧಿ ಕಪಾಟು, ಡಾಕ್ಟರಿಗೆ ಮಡಚುವ ಮೇಜು.

"ಮೇಲಿನ ಓಣಿಯವರು ಕ್ಲಿನಿಕ್ಕಿಗೆ ಬರೋದೇ ಇಲ್ಲ," ಅಂದಳು. "ಬಂದ್ರೂ ಒಂದ್ಸಲ ಬಂದೋರು ಮತ್ತೆ ಬರಲ್ಲ. ಅವರು ಬರದಿದ್ರೆ ನಾವೇ ಹೋಗೋಣ."

ಮೇಲಿನ ಓಣಿ ಅಂದರೆ ಗುಡ್ಡದ ಮೇಲಕ್ಕೆ ಹತ್ತುವ ಇಕ್ಕಟ್ಟು ದಾರಿ. ಎಲ್ಲೆಲ್ಲಿಂದಲೋ ಮೂಟೆ ಮೂಟೆ ಬರುವ ಹಳೇ ಬಟ್ಟೆಗಳನ್ನು ಬೇರ್ಪಡಿಸುವ ಶೆಡ್ಡುಗಳಿದ್ದವು ಅಲ್ಲಿ. ಚೆನ್ನಾಗಿರುವ ಬಟ್ಟೆ ಮಾರಾಟಕ್ಕೆ, ಹರಿದದ್ದು ಒರೆಸುವ ಬಟ್ಟೆಗೆ. ಆ ಕೆಲಸದ ಹೆಂಗಸರು, ಗಂಡಸರು ಶೆಡ್ಡಿನ ಹಿಂದಿನ ಒಂದೊಂದೇ ಕೋಣೆಯ ಮನೆಗಳಲ್ಲಿ ಇರುತ್ತಿದ್ದರು.

"ಓಣೀಲಿ ವ್ಯಾನು ಹೋಗುತ್ತಾ?" ಅಂತ ಕತ್ರಿ ಮಾವ ಕೇಳಿದ.

"ಬಸ್ಸನ್ನೇ ಸೂಜಿಗಣ್ಣಲ್ಲಿ ತೂರಿಸೋನು ನಾನು," ಅಂದ ಡಬಲ್ ಭಾವ. ಸಮಿತಿಯಲ್ಲಿ ಅವನಿಲ್ಲ, ಆದರೂ ಎಲ್ಲಾ ಸಭೆಗೂ ಹಾಜರ್.

ವ್ಯಾನು ಬಂತು. ರಜೆಯ ದಿನ ನೋಡಿ ಡಬಲ್ ಭಾವನೇ ಸ್ಟಿಯರಿಂಗ್ ಹಿಡಿದ. ಪಕ್ಕದಲ್ಲಿ ಸಿಸ್ಟರಕ್ಕ, ಹಿಂದೆ ಇಸ್ತ್ರಿ ಮಾಡಿದ ಬಿಳಿ ಕೋಟಿನ ಡಾಕ್ಟರು. ಹಾರ್ನ್ ಹೊಡೆಯುತ್ತಾ ಓಣಿ ಹತ್ತಿದರು. ಅರ್ಧ ದಾರಿ ಏನೂ ತೊಂದರೆಯಿಲ್ಲ. ತಿರುವಿಗೆ ಬಂದಾಗ ಎಡಗಡೆ ಶೆಡ್ಡಿನ ಗೋಡೆ, ಬಲಗಡೆ ಕಲ್ಲಿನ ಗೋಡೆ. ಡಬಲ್ ಭಾವ ಎರಡೂ ಕನ್ನಡಿ ಮಡಚಿ, ಉಸಿರು ಬಿಗಿ ಹಿಡಿದು, ಚೂರು ಮುಂದಕ್ಕೆ ಬಿಟ್ಟ. ಕರ್ರ್ ಅಂತು. ಹಿಂದಕ್ಕೆ ತೆಗೆದ. ಇನ್ನೂ ಜೋರಾಗಿ ಕರ್ರ್ ಅಂತು. ವ್ಯಾನು ಬಾಟಲಿಗೆ ಬಿರಡೆ ಕೂತಂತೆ ಕೂತುಬಿಟ್ಟಿತು. ಪಕ್ಕದ ಬಾಗಿಲು ತೆಗೆಯಲು ಬರದು. ಡಾಕ್ಟರು ಹಿಂದಿನಿಂದ, "ಏನಾಯ್ತು, ಬಂದ್ವಾ?" ಅಂತ ಕೇಳಿದರು.

ಶೆಡ್ಡುಗಳಿಂದ ಜನ ಹೊರಗೆ ಬಂದರು. ಎಲ್ಲರ ಮುಂದೆ ತಲೆಗೆ ಬಟ್ಟೆ ಬಿಗಿದಿದ್ದ ಒಬ್ಬ ಗಟ್ಟಿಗಿತ್ತಿ. ಅವಳು ಪಿಸುಗುಟ್ಟಿದರೂ ಗುಡ್ಡದ ಬುಡದವರೆಗೆ ಕೇಳುತ್ತಿತ್ತಾದ್ದರಿಂದ ಅವಳಿಗೆ ಜೋರಕ್ಕ ಅಂತಲೇ ಹೆಸರು. ಅವಳು ವ್ಯಾನಿನ ಗಾಜಿನ ಮುಂದೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಡಾಕ್ಟರ್ ಗಾಡಿ ಅಂತ ಬರೆದಿದೆ. ಈಗ ಯಾರಿಗೆ ಯಾರು ಔಷಧಿ ಕೊಡ್ಬೇಕು?"

ಓಣಿಗೆ ಓಣಿಯೇ ನಕ್ಕಿತು. ಆಮೇಲೆ ಜೋರಕ್ಕ ಎರಡು ಬಕೆಟ್ ಸೋಪಿನ ನೀರು ತರಿಸಿ ವ್ಯಾನಿನ ಎರಡೂ ಬದಿಗೆ ಸುರಿಸಿದಳು. ಹಿಂದಿನ ಬಾಗಿಲಿಂದ ಡಾಕ್ಟರನ್ನೂ ಸಿಸ್ಟರಕ್ಕನನ್ನೂ ಮೂಟೆ ಇಳಿಸಿದಂತೆ ಇಳಿಸಿದರು. ಎಲ್ಲರೂ ಸೇರಿ ಒಂದು, ಎರಡು, ಮೂರು ಅಂತ ತಳ್ಳಿದರು. ಹೊಸ ಬಿಳಿ ಬಣ್ಣವನ್ನೆಲ್ಲಾ ಗೋಡೆಗೆ ಬಳಿದು ವ್ಯಾನು ಹಿಂದಕ್ಕೆ ಜಾರಿತು. ಸಿಸ್ಟರಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎಲ್ಲರಿಗೂ ಕೈ ಮುಗಿಯೋಣ ಅಂತ ಹತ್ತಿರ ಹೋದವಳು ತಳ್ಳಿದವರ ಕೈಗಳನ್ನೇ ನೋಡುತ್ತಾ ನಿಂತುಬಿಟ್ಟಳು. ಬೆರಳ ಸಂದಿಯಲ್ಲಿ, ಮಣಿಕಟ್ಟಿನ ಸುತ್ತ ಕೆಂಪು ಗುಳ್ಳೆ. ಕೆರೆದು ಕೆರೆದು ಗಾಯ. ಒಬ್ಬರಿಗಲ್ಲ, ಮುಕ್ಕಾಲು ಪಾಲು ಜನಕ್ಕೆ.

"ಇದು ಕಜ್ಜಿ. ಮುಲಾಮು ಹಚ್ಚಿದ್ರೆ ಹೋಗುತ್ತೆ. ಕ್ಲಿನಿಕ್ಕಿಗೆ ಯಾಕೆ ಬರಲಿಲ್ಲ ನೀವು?"

"ಬಂದಿದ್ದೆ," ಅಂದಳು ಜೋರಕ್ಕ. ಅವಳ ದನಿ ಈಗ ಸಣ್ಣದಾಗಿತ್ತು, ಅಂದರೆ ಪಕ್ಕದ ಮನೆಗೆ ಮಾತ್ರ ಕೇಳುವಷ್ಟು. "ನೀನೇ ಮುಲಾಮು ಕೊಟ್ಟೆ. ಜೊತೆಗೆ ಹೇಳ್ದೆ, ಹಾಸಿಗೆ ಬಟ್ಟೆಯೆಲ್ಲಾ ಬಿಸಿನೀರಲ್ಲಿ ಒಗೀರಿ, ಬಿಸಿಲಿಗೆ ಹಾಕಿ, ಸ್ವಚ್ಛವಾಗಿರಿ ಅಂತ. ನಲ್ಲಿ ಓಣಿ ಬುಡದಲ್ಲಿದೆ. ಬಿಸಿಲು ಅಗೋ, ಆ ಎದುರು ಗೋಡೆ ಮೇಲಷ್ಟೇ ಬೀಳುತ್ತೆ. ಮತ್ತೆ ಕಜ್ಜಿ ಬಂತು, ಮತ್ತೆ ಬಂದೆ. ನೀನು ಮತ್ತೆ ಸ್ವಚ್ಛವಾಗಿರಿ ಅಂದೆ. ಬೆಂಚಲ್ಲಿ ಕೂತೋರೆಲ್ಲಾ ಒಂಚೂರು ಆ ಕಡೆ ಸರಿದ್ರು. ಸ್ವಚ್ಛವಾಗಿರಿ ಅನ್ನೋ ಮುಲಾಮು ಯಾವ ಅಂಗಡೀಲಿ ಸಿಗುತ್ತೆ ಹೇಳು, ತಗೊಂಡ್ ಬರ್ತೀನಿ."

ಸಿಸ್ಟರಕ್ಕ ತಲೆ ತಗ್ಗಿಸಿ ವ್ಯಾನಿನ ಹಿಂದೆಯೇ ಓಣಿ ಇಳಿದಳು.

ಕೆಟ್ಟ ಸುದ್ದಿ ಬೇಗ ಹೇಳಿ ಅಂದಿದ್ದಳು ಗುಂಡಿಯಮ್ಮ. ಸಿಸ್ಟರಕ್ಕ ಇವತ್ತು, ನಾಳೆ ಅಂತ ಮುಂದಕ್ಕೆ ಹಾಕಿದಳು. ಕೊನೆಗೊಂದು ಸಂಜೆ ಅಡುಗೆಮನೆಯಲ್ಲಿ ನಿಂತು, ಏನು ಹೇಳಬೇಕೆಂದು ಹಳೇ ಅಭ್ಯಾಸದಂತೆ ಬಾಯಿಪಾಠ ಮಾಡತೊಡಗಿದಳು. "ನಮ್ಮ ಸಂಚಾರಿ ಸೇವೆಯು ಪ್ರಾಯೋಗಿಕ ಹಂತದಲ್ಲಿ ಕೆಲವು ಭೌಗೋಳಿಕ ಸವಾಲುಗಳನ್ನು ಎದುರಿಸಿ…"

"ಭೌಗೋಳಿಕ ಸವಾಲು ಅಂದ್ರೆ ಗೋಡೆನಾ?" ಅಂತ ಡಬಲ್ ಭಾವ ಒಳಗಿನಿಂದ ಕೇಳಿದ.

ಅವಳು ಬಾಯಿಪಾಠವನ್ನೆಲ್ಲಾ ಗಾಳಿಗೆ ತೂರಿ ಫೋನ್ ಮಾಡಿದಳು. ಇದ್ದದ್ದು ಇದ್ದ ಹಾಗೆ ಹೇಳಿದಳು. ವ್ಯಾನು, ಗೋಡೆ, ಸೋಪಿನ ನೀರು, ಡಾಕ್ಟರ ಕೋಟು, ಜೋರಕ್ಕನ ಮಾತು. ಆಚೆಯಿಂದ ಗುಂಡಿಯಮ್ಮನ ನಗು ಒಡೆದು ಬಂತು.

"ಡಾಕ್ಟರನ್ನ ಮೂಟೆ ಥರ ಇಳಿಸಿದ್ರಾ! ಅಯ್ಯೋ, ನಾನಿರಬೇಕಿತ್ತು. ಸಿಸ್ಟರ್, ನಾನು ಕಾರ್ಖಾನೆ ಶುರುಮಾಡಿದಾಗ ಮೊದಲನೇ ಸಲ ಬಂದ ಗುಂಡಿಗಳಲ್ಲಿ ತೂತೇ ಇರಲಿಲ್ಲ. ರಾಶಿ ರಾಶಿ ಗುಂಡಿ, ಒಂದಕ್ಕೂ ತೂತಿಲ್ಲ! ನಮ್ಮಮ್ಮ, ಇವನ್ನ ಶರಟಿಗೆ ಅಂಟಿಸ್ಬೇಕಾ ಅಂತ ಕೇಳಿದ್ಲು."

"ಏನ್ಮಾಡಿದ್ರಿ?"

"ಆಟದ ಸಾಮಾನು ಮಾಡೋರಿಗೆ ಮಾರಿದೆ, ಕಾಯಿ ನಡೆಸೋ ಆಟಕ್ಕೆ. ನೀವು ವ್ಯಾನು ಏನು ಮಾಡ್ತೀರೋ ನಿಮಗೆ ಬಿಟ್ಟಿದ್ದು. ಅದಿರಲಿ, ಆ ಜೋರಕ್ಕ ಹೇಳಿದ್ದಕ್ಕೆ ನೀವೇನಂದ್ರಿ?"

"ಏನೂ ಅನ್ನಲಿಲ್ಲ."

"ಮತ್ತೆ ಹೋಗಿ ಮಾತಾಡಿ. ವ್ಯಾನಿಲ್ಲದೆ ಹೋಗಿ."

ವ್ಯಾನನ್ನು ಬೇಕರಿಯವನು ಕೊಂಡುಕೊಂಡ. ಡಾಕ್ಟರ ಮೇಜಿದ್ದ ಕಡೆ ಬ್ರೆಡ್ಡಿನ ತಟ್ಟೆಗಳು ಬಂದವು. ಸಿಸ್ಟರಕ್ಕ ನಡೆದುಕೊಂಡು ಮೇಲಿನ ಓಣಿಗೆ ಹೋಗಿ, ಶೆಡ್ಡಿನ ಬಾಗಿಲಲ್ಲಿ ಮೂಟೆಯ ಮೇಲೆ ಕೂತು, ನಿಮಗೇನು ಬೇಕು ಅಂತ ಕೇಳಿದಳು.

"ಕೇಳಿ ಏನು ಮಾಡ್ತೀಯ? ಕೊನೆಗೆ ನಿಮಗೆ ಬೇಕಾದ್ದೇ ಮಾಡ್ತೀರಲ್ಲ," ಅಂದಳು ಜೋರಕ್ಕ, ಸ್ವೆಟರೊಂದನ್ನು ಗುಡ್ಡೆಗೆಸೆಯುತ್ತಾ.

ನಂಬಿಸಲು ಬಹಳ ಹೊತ್ತು ಹಿಡಿಯಿತು. ಕೊನೆಗೆ ಹೆಂಗಸರೆಲ್ಲಾ ಒಟ್ಟಾಗಿ ಹೇಳಿದ್ದು ಒಂದೇ: ಒಗೆಯಲು ಒಂದು ಜಾಗ. ಬಿಸಿನೀರು, ದೊಡ್ಡ ಮಿಷನ್ನು, ಒಣಗಿಸುವ ಮಿಷನ್ನು, ಎರಡು ಸ್ನಾನದ ಕೋಣೆ. ತುದಿಯಲ್ಲಿ ಖಾಲಿ ಬಿದ್ದಿದ್ದ ಶೆಡ್ಡೊಂದಿತ್ತು. ಜೋರಕ್ಕ ಅದಕ್ಕೆ ಒಗೆಮನೆ ಅಂತ ಅಲ್ಲೇ ಹೆಸರಿಟ್ಟಳು. ಗುಂಡಿಯಮ್ಮನಂತೆಯೇ ತಾನೂ ಮಾಡುವೆನೆಂದು ಸಿಸ್ಟರಕ್ಕ ಉತ್ಸಾಹದಲ್ಲಿ, "ದುಡ್ಡು ನಿಮ್ಮ ಕೈಗೇ ಕೊಡ್ತೀವಿ. ನೀವೇ ನಿಂತು ಮಾಡಿಸ್ಕೊಳ್ಳಿ" ಅಂದುಬಿಟ್ಟಳು. ಸಮಿತಿಯವರನ್ನೂ ಒಪ್ಪಿಸಿದಳು.

ಕೊಟ್ಟದ್ದೇನೋ ಕೊಟ್ಟಳು. ಕೊಟ್ಟ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಮೂರು ಅಂಗಡಿಯಲ್ಲಿ ಬೆಲೆ ವಿಚಾರಿಸಿ ಬರಹದಲ್ಲಿ ತನ್ನಿ ಅಂದಳು. ಜೋರಕ್ಕ ತಂದಳು. ಗೋಡೆಗೆ ಬಣ್ಣ ಯಾಕೆ ಹಳದಿ, ಬಿಳಿ ಸಾಕಿತ್ತಲ್ಲ ಅಂದಳು. ದೊಡ್ಡ ಕನ್ನಡಿ ಯಾಕೆ, ಒಗೆಯೋಕೂ ಕನ್ನಡಿಗೂ ಏನು ಸಂಬಂಧ ಅಂದಳು. ಕೆಲಸ ಎಲ್ಲಿಗೆ ಬಂತು ಅಂತ ವಾರವಾರವೂ ಫೋಟೊ ಹಿಡಿದು ಕ್ಲಿನಿಕ್ಕಿಗೆ ಬನ್ನಿ ಅಂದಳು. ಜೋರಕ್ಕ ದಿನದ ಕೂಲಿ ಬಿಟ್ಟು ಇಳಿದು ಬಂದು, ಬೆಂಚಲ್ಲಿ ಕಾದು, ತೋರಿಸಿ ಹೋಗುತ್ತಿದ್ದಳು. ಒಂದು ದಿನ ಸಿಸ್ಟರಕ್ಕ, "ಇದರಿಂದ ಎಷ್ಟು ಜನಕ್ಕೆ ಅನುಕೂಲ ಆಗುತ್ತೆ ಅಂತ ಒಂದು ಅಂದಾಜು ಬರೆದು ಕೊಟ್ರೆ…" ಅಂದದ್ದೇ ತಡ, ಜೋರಕ್ಕ ಶೆಡ್ಡಿನ ಬೀಗದ ಕೈಯನ್ನು ಮೇಜಿನ ಮೇಲೆ ಠಣ್ ಅಂತ ಇಟ್ಟಳು.

"ತಗೋ. ನಿನ್ನ ಒಗೆಮನೇಲಿ ನೀನೇ ಒಗೆದುಕೋ."

ಆವತ್ತು ಮನೆಗೆ ಬಂದ ಸಿಸ್ಟರಕ್ಕ ಗಂಡನ ಮುಂದೆ ಹಾರಾಡಿದಳು. ಅಷ್ಟು ನಂಬಿ ಕೊಟ್ಟರೂ ಇಷ್ಟು ಸೊಕ್ಕಾ, ಕೇಳಿದ್ದರಲ್ಲಿ ಏನು ತಪ್ಪು ಅಂತ. ಡಬಲ್ ಭಾವ ಸಾಕ್ಸ್ ಬಿಚ್ಚುತ್ತಾ ಎಲ್ಲಾ ಕೇಳಿಸಿಕೊಂಡ.

"ಒಂದು ಮಾತು ಹೇಳ್ಲಾ? ಬೈಬಾರ್ದು."

"ಹೇಳ್ರೀ."

"ಮನೋಭಾವಕ್ಕೆ ಪುರಾವೆ ಕೇಳಿದೋರು ಥೇಟ್ ನಿನ್ನ ಹಂಗೇ ಮಾತಾಡ್ತಿದ್ರು ಕಣೇ."

ಸಿಸ್ಟರಕ್ಕನಿಗೆ ಮೊದಲು ಸಿಟ್ಟು ಬಂತು. ಅದರ ಹಿಂದೆಯೇ ನಾಚಿಕೆ ಬಂತು. ಜೋರಕ್ಕ ಬೆಂಚಲ್ಲಿ ಕಾಯುತ್ತಿದ್ದ ಚಿತ್ರ ಕಣ್ಣ ಮುಂದೆ ನಿಂತಿತು. ಅವಳ ಆ ಮುಖ, ತೀರಾ ನಗದ, ತೀರಾ ಅಳದ ಮುಖ, ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸಿ, ಎಲ್ಲಿ ಅನ್ನುವುದೂ ಹೊಳೆದು, ತಟ್ಟೆಯಲ್ಲಿದ್ದ ಊಟ ಸೇರಲಿಲ್ಲ.

ಬೆಳಗ್ಗೆ ಕ್ಲಿನಿಕ್ ತೆಗೆಯುವ ಮೊದಲೇ ಓಣಿ ಹತ್ತಿದಳು. ಜೋರಕ್ಕ ಮನೆ ಮುಂದೆ ತಲೆ ಬಾಚಿಕೊಳ್ಳುತ್ತಿದ್ದಳು. ಸಿಸ್ಟರಕ್ಕ ಬೀಗದ ಕೈಯನ್ನು ಅವಳ ಮಡಿಲಲ್ಲಿ ಇಟ್ಟಳು.

"ನನ್ನದು ತಪ್ಪಾಯ್ತು ಜೋರಕ್ಕ. ಇನ್ಮೇಲೆ ಏನೂ ಕೇಳಲ್ಲ."

ಜೋರಕ್ಕ ಬಾಚಣಿಗೆಯನ್ನು ಕೂದಲಲ್ಲೇ ಬಿಟ್ಟು ಅವಳನ್ನು ಅಳೆಯುವವಳಂತೆ ನೋಡಿದಳು.

"ಕೇಳ್ಬೇಡ ಅಂದೋರ್ಯಾರು? ಕೇಳು. ಇಲ್ಲಿಗೆ ಬಂದು, ನೋಡಿ, ಕೇಳು. ನೀನು ಕೂತಲ್ಲಿಗೆ ಕರೆಸ್ಕೊಂಡು ಕೇಳ್ಬೇಡ." ಆಮೇಲೆ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, "ಟೀ ಕುಡೀತೀಯಾ?" ಅಂದಳು.

"ಕುಡೀತೀನಿ, ನೀನು ಮಾಡಿಕೊಟ್ರೆ," ಅಂದಳು ಸಿಸ್ಟರಕ್ಕ. ಅವಳ ಬಾಯಲ್ಲಿ ನೀವು ಹೋಗಿ ನೀನು ಬಂದದ್ದನ್ನು ಇಬ್ಬರೂ ಗಮನಿಸಲಿಲ್ಲ.

ಅಲ್ಲಿಂದ ಮುಂದೆ ಕೆಲಸ ಚಕಚಕನೆ ಸಾಗಿತು ಅಂದರೆ ಸುಳ್ಳಾಗುತ್ತದೆ. ಒಣಗಿಸುವ ಮಿಷನ್ನು ತರುವಾಗ ಜೋರಕ್ಕ, ತರೋದು ತರ್ತೀವಿ, ದೊಡ್ಡದೇ ತರೋಣ ಅಂತ ಹೋಟೆಲಿನವರು ಬಳಸುವಂಥ ರಾಕ್ಷಸನನ್ನೇ ಹೊತ್ತು ತರಿಸಿದಳು. ಶುರುಮಾಡುವ ದಿನ ಇಡೀ ಓಣಿ ನೆರೆದಿತ್ತು. ಜೋರಕ್ಕ ಗತ್ತಿನಿಂದ ಗುಂಡಿ ಒತ್ತಿದಳು. ಮಿಷನ್ನು ಒಂದು ಸುತ್ತು ಗುಡುಗಿ, ಢಬ್ ಅಂತು. ಓಣಿಯದು ಮಾತ್ರವಲ್ಲ, ಬುಡದ ಬೀದಿಯ ಕರೆಂಟೂ ಹೋಯಿತು. ಬೇಕರಿಯ ಒಲೆ ಆರಿತು. ಕತ್ರಿ ಮಾವನ ಕೈಯಲ್ಲಿ ಕೂದಲು ಕತ್ತರಿಸುವ ಮಿಷನ್ನು ನಡುದಾರಿಯಲ್ಲಿ ನಿಂತು, ಅರ್ಧ ತಲೆ ಬೋಳಾದ ಗಿರಾಕಿ ಹೆಗಲ ಬಟ್ಟೆ ಸಮೇತ ಓಣಿ ಹತ್ತಿ ಬಂದು, "ಯಾರ್ರೀ ಅದು ಕರೆಂಟು ತೆಗೆದೋರು?" ಅಂತ ಕೂಗಾಡಿದ.

ಜೋರಕ್ಕ ತುಟಿಪಿಟಕ್ಕೆನ್ನಲಿಲ್ಲ. ಅವಳು ಸುಮ್ಮನಾದದ್ದನ್ನು ಓಣಿಯವರು ನೋಡಿದ್ದು ಅದೇ ಮೊದಲು. ಸಿಸ್ಟರಕ್ಕನ ನಾಲಿಗೆ ತುದಿಗೆ, ಮೊದಲೇ ನನ್ನನ್ನ ಕೇಳಿದ್ರೆ ಅನ್ನುವ ಮಾತು ಬಂದಿತ್ತು. ಅದನ್ನು ನುಂಗಿಕೊಂಡು, ಜೋರಕ್ಕನ ಪಕ್ಕಕ್ಕೆ ಹೋಗಿ ನಿಂತು, "ನಿಮ್ಮ ಇನ್ನರ್ಧ ತಲೇನ ಇಲ್ಲೇ ಕತ್ರೀಲಿ ಮುಗಿಸ್ತೀವಿ, ಬನ್ನಿ ಕೂತ್ಕೊಳ್ಳಿ, ಕನ್ನಡಿ ಬೇರೆ ಇದೆ" ಅಂದಳು. ಆಸಾಮಿ ಕನ್ನಡಿ ನೋಡಿದ. ಕೋಪ ಮಾಡಿಕೊಂಡು ನಿಲ್ಲುವ ರೂಪ ಅದಲ್ಲ ಅಂತ ಅವನಿಗೇ ಗೊತ್ತಾಯಿತು. ಅವನೇ ಮೊದಲು ನಕ್ಕ.

ವಿದ್ಯುತ್ ಕಚೇರಿಯವರು ಬೇರೆ ದಪ್ಪ ತಂತಿ ಎಳೆದು ಕೊಡುವವರೆಗೆ ರಾಕ್ಷಸ ಸುಮ್ಮನೆ ಕೂತಿದ್ದ. ಒಗೆದ ಬಟ್ಟೆಗಳನ್ನು ಶೆಡ್ಡಿನ ಒಳಗೇ ಹಗ್ಗ ಕಟ್ಟಿ ಒಣಗಿಸಿದರು. ಆಮೇಲೆ ಎಲ್ಲಾ ಸರಿಹೋಯಿತು.

ಕಜ್ಜಿಯ ವಿಷಯ ಹಾಗೆ ಸಲೀಸಾಗಿ ಮುಗಿಯುವಂಥದಲ್ಲ. ಒಂದು ಮನೆಯವರು ಹಚ್ಚಿ ಇನ್ನೊಂದು ಮನೆಯವರು ಬಿಟ್ಟರೆ ಅದು ಸುತ್ತಿಕೊಂಡು ಮತ್ತೆ ಬರುತ್ತದೆ. ಎಲ್ಲರೂ ಒಂದೇ ದಿನ, ಕುತ್ತಿಗೆಯಿಂದ ಅಂಗಾಲಿನವರೆಗೆ ಮುಲಾಮು ಹಚ್ಚಬೇಕು, ಮರುದಿನವೇ ಹಾಸಿಗೆ ಬಟ್ಟೆಯೆಲ್ಲಾ ಬಿಸಿನೀರಿಗೆ ಬೀಳಬೇಕು. ಮುಲಾಮು ಸಿಸ್ಟರಕ್ಕ ತಂದಳು. ಎಲ್ಲರನ್ನೂ ಒಂದೇ ದಿನ ಹಚ್ಚಿಕೊಳ್ಳುವಂತೆ ಮಾಡಿದ್ದು ಜೋರಕ್ಕನ ಗಂಟಲು. ಓಣಿಯ ನಡುವೆ ನಿಂತು, "ಹಚ್ಚಿದ್ರಾ? ಬೆನ್ನಿಗೆ ಯಾರು ಹಚ್ತಾರೆ, ನಾನು ಬರ್ಲಾ?" ಅಂತ ಕೂಗುತ್ತಿದ್ದರೆ, ಅವಳು ಒಳಗೆ ಬಂದಾಳೆಂಬ ಹೆದರಿಕೆಗೇ ಗಂಡಸರೆಲ್ಲಾ ಹಚ್ಚಿಕೊಂಡು ಮುಗಿಸಿದರು. ಅದೇ ಕೆಲಸವನ್ನು ಒಂದು ವಾರ ಬಿಟ್ಟು ಮತ್ತೊಮ್ಮೆ ಮಾಡಿಸಿದಳು. ಆಮೇಲಾಮೇಲೆ ಗುಳ್ಳೆ ಒಣಗಿದವು. ಕೂಸುಗಳು ಕೆರೆದುಕೊಳ್ಳದೆ ನಿದ್ದೆ ಮಾಡಿದವು. ಕೂಸುಗಳು ಮಲಗಿದ್ದರಿಂದ ತಾಯಂದಿರೂ ಮಲಗಿದರು.

ಬಟ್ಟೆ ಮಿಷನ್ನಿನಲ್ಲಿ ತಿರುಗುವಷ್ಟು ಹೊತ್ತು ಜನ ಉದ್ದ ಬೆಂಚಲ್ಲಿ ಕೂತು ಹರಟುತ್ತಿದ್ದರು. ಸಿಸ್ಟರಕ್ಕ ಸಂಜೆ ಹೊತ್ತು ಪ್ರೆಶರ್ ನೋಡುವ ಪಟ್ಟಿ, ಸಕ್ಕರೆ ನೋಡುವ ಪುಟ್ಟ ಮಿಷನ್ನು ಹಿಡಿದು ಅಲ್ಲೇ ಬಂದು ಕೂರತೊಡಗಿದಳು. ಕ್ಲಿನಿಕ್ಕಿನ ಬಾಗಿಲು ತುಳಿಯದವರೆಲ್ಲಾ ಇಲ್ಲಿ ತಾವಾಗೇ ತೋಳು ಚಾಚಿದರು. ಮೂಟೆ ಹೊರುವ ಒಬ್ಬ ಧಡೂತಿಗೆ ಸಕ್ಕರೆ ಕಾಯಿಲೆ ಇರುವುದು, ಹಳದಿ ಗೋಡೆಯ ಕೆಳಗೆ ಕೂತು ಜೋಕು ಹೇಳುತ್ತಿದ್ದ ಹೊತ್ತಲ್ಲೇ ಗೊತ್ತಾಯಿತು.

ಆ ಬೆಂಚಿನ ಮೇಲೆಯೇ ಒಂದು ಸಂಜೆ ಮಾತು ಕೆಮ್ಮಿನ ಕಡೆ ತಿರುಗಿತು. ಶೆಡ್ಡಿನ ಒಳಗೆ ಕಿಟಕಿಯೇ ಇಲ್ಲ, ದಿನವಿಡೀ ಹಳೇ ಬಟ್ಟೆಯ ಧೂಳು ಕುಡಿಯಬೇಕು. ಎಲ್ಲರ ಎದೆಯಲ್ಲೂ ಗೊರಗೊರ.

"ಔಷಧಿ ಕೊಡ್ಲಾ?" ಅಂತ ಕೇಳಹೊರಟ ಸಿಸ್ಟರಕ್ಕ ತಡೆದುಕೊಂಡು, "ಏನ್ಮಾಡೋಣ ಅಂತೀರಿ?" ಅಂದಳು.

"ಕಿಟಕಿ ಇಡಿಸೋಣ," ಅಂದಳು ಜೋರಕ್ಕ. "ಶೆಡ್ಡಿನ ಯಜಮಾನನ್ನ ಕೇಳೋಣ. ನಾಳೇನೇ."

ಮರುದಿನ ಹೆಂಗಸರೆಲ್ಲಾ ಹೊರಟರು. ಜೊತೆಗೆ ಬರಬೇಕಾ ಅಂತ ಸಿಸ್ಟರಕ್ಕ ಕೇಳಿದಾಗ, "ಬಾ, ಆದ್ರೆ ಹಿಂದೆ ನಿಂತ್ಕೋ. ಅವನು ಕೆಮ್ಮು ಅಂದ್ರೇನು ಅಂತ ಕೇಳಿದ್ರೆ ಆವಾಗ ಮುಂದೆ ಬಾ" ಅಂದರು. ಯಜಮಾನ ಮೊದಲು ಹುಬ್ಬು ಗಂಟಿಕ್ಕಿದ. ಗೋಡೆ ಒಡೆದರೆ ಕಟ್ಟಡ ಬಿದ್ದುಹೋಗುತ್ತೆ ಅಂದ. ಮೇಸ್ತ್ರಿಯನ್ನು ಕರೆದುಕೊಂಡೇ ಬಂದಿದ್ದರು. ಬೀಳಲ್ಲ ಅಂತ ಅವನು ಗೋಡೆ ತಟ್ಟಿ ಹೇಳಿದ. ಮಳೆಗೆ ಮಾಲು ಒದ್ದೆಯಾಗುತ್ತೆ ಅಂದ ಯಜಮಾನ. ಮೇಲೆ ತಗಡಿನ ಮರೆ ಹಾಕಬಹುದು ಅಂದರು. ಜನ ಕೆಮ್ಮಿಕೊಂಡು ಮನೇಲಿ ಮಲಗಿದರೆ ಮೂಟೆ ಬಿಚ್ಚೋರು ಯಾರು ಅಂತ ಜೋರಕ್ಕ ತನ್ನ ಸಣ್ಣ ದನಿಯಲ್ಲಿ ಕೇಳಿದಳು. ಅದು ಪಕ್ಕದ ಮೂರು ಶೆಡ್ಡಿನ ಯಜಮಾನರಿಗೂ ಕೇಳಿಸಿ, ಅವರೂ ಬಾಗಿಲಿಗೆ ಬಂದು ಇಣುಕಿದರು. ಎಲ್ಲರೆದುರು ಹಟ ಹಿಡಿಯಲು ಅವನಿಗೂ ನಾಚಿಕೆಯಾಯಿತು. ಸಿಸ್ಟರಕ್ಕ ಬಾಯಿ ತೆರೆಯುವ ಪ್ರಸಂಗವೇ ಬರಲಿಲ್ಲ.

ತಿಂಗಳು ತಿರುಗುವುದರೊಳಗೆ ಎರಡು ಗೋಡೆಯಲ್ಲೂ ಸಾಲು ಕಿಟಕಿ ಕೂತವು. ತೆರೆಯುವ ದಿನ ಸಿಸ್ಟರಕ್ಕ ಶೆಡ್ಡಿನೊಳಗೇ ಇದ್ದಳು. ನಡುವೆ ಬೆಳಗಿನಿಂದ ಬೇರ್ಪಡಿಸಿದ ಗುಡ್ಡೆಗಳು: ಶರಟು ಒಂದು ಕಡೆ, ಸ್ವೆಟರು ಒಂದು ಕಡೆ, ಮಕ್ಕಳ ಬಟ್ಟೆ, ಕಾಲುಚೀಲ. ಆ ಕಡೆಯ ಕಿಟಕಿ ತೆಗೆದರು, ಈ ಕಡೆಯದೂ ತೆಗೆದರು. ಗುಡ್ಡದ ಮೇಲಿನ ಗಾಳಿ ಇಷ್ಟು ವರ್ಷ ಹೊರಗೆ ಕಾದು ನಿಂತಿದ್ದ ನೆಂಟನಂತೆ ಒಮ್ಮೆಲೇ ಒಳಗೆ ನುಗ್ಗಿತು. ಧೂಳು ದಪ್ಪಗೆ ಎದ್ದು ಕಿಟಕಿಯಿಂದಾಚೆ ಹೋಯಿತು. ಕಾಲುಚೀಲ, ಕುಲಾವಿಗಳು ಹಾರಿ ಶರಟಿನ ಗುಡ್ಡೆಯ ಮೇಲೆ ಬಿದ್ದವು, ಒಂದು ಲಂಗ ಯಜಮಾನನ ತಲೆಗೇ ಸುತ್ತಿಕೊಂಡಿತು.

"ಅಯ್ಯೋ, ಬೆಳಗ್ಗಿಂದ ಮಾಡಿದ್ದೆಲ್ಲಾ ಹೋಯ್ತಲ್ರೇ!" ಅಂತ ಅವನು ಲಂಗದೊಳಗಿನಿಂದ ಕೂಗಿದ.

ಹೆಂಗಸರು ನಕ್ಕೂ ನಕ್ಕೂ ನೆಲಕ್ಕೆ ಕೂತರು. ಸಿಸ್ಟರಕ್ಕ ಕಣ್ಣು ಒರೆಸಿಕೊಳ್ಳುತ್ತಾ ಕಾಲಬುಡಕ್ಕೆ ಬಂದ ಒಂದು ಕಾಲುಚೀಲ ಎತ್ತಿಕೊಂಡು, ಯಾವ ಗುಡ್ಡೆಗೆ ಹಾಕಲಿ ಅಂತ ಕೇಳಿದಳು.

"ಎಲ್ಲಾದ್ರೂ ಹಾಕು, ಇನ್ನೊಂದ್ಸಲ ಬೇರ್ಪಡಿಸಿದ್ರಾಯ್ತು," ಅಂದಳು ಜೋರಕ್ಕ. "ಕಿಟಕಿ ಮಾತ್ರ ಯಾರೂ ಮುಟ್ಬೇಡಿ."